ನೀರಿನ ಸ್ಥಾನ

ಅಂತ್ಯಕ್ರಿಯೆ ಬುಧವಾರ ಆಯಿತು. ಮರುದಿನ ಗುರುವಾರ, ಮತ ಎಣಿಕೆ.

ಬೆಳಿಗ್ಗೆ ಎದ್ದು ಬಾವಿಯಿಂದ ನೀರು ಸೇದಿ ಬಾಯಿ ಮುಕ್ಕಳಿಸಿದೆ. ಸಣ್ಣಗೆ ಉಪ್ಪಿತ್ತು. ಯಾಕೆಂದು ಗೊತ್ತಿತ್ತು. ಮುಂದೆ ಯೋಚಿಸಲಿಲ್ಲ. ಸೂತಕದ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವೆಂದು ಪಕ್ಕದ ಮನೆಯವರು ಫ್ಲಾಸ್ಕಿನಲ್ಲಿ ಚಹಾ, ಒಂದು ತಟ್ಟೆ ಬೇಯಿಸಿದ ದೀವಿಹಲಸು ತಂದಿಟ್ಟು ಹೋಗಿದ್ದರು. ಚಹಾ ಕುಡಿದೆ. ಸ್ನಾನ ಮಾಡಿದೆ. ಕಚೇರಿಗೆ ಉಡುವ ಹತ್ತಿಸೀರೆ ಉಟ್ಟೆ.

ಅತ್ತೆ ಚಾವಡಿಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ರಾತ್ರಿಯಿಂದಲೂ ಹಾಗೆಯೇ ಇದ್ದರೋ ಏನೋ.

"ಹೊರಟ್ಯಾ?"

"ಎಣಿಕೆ ಉಂಟಲ್ಲ ಅತ್ತೆ. ಯಂತ್ರ ನಡೆಸ್ಲಿಕ್ಕೆ ಬೇರೆ ಯಾರೂ ಇಲ್ಲ."

ಇದ್ದವರು ಇಬ್ಬರೇ. ನಾನು ಮತ್ತು ಸುಕೇಶ. ಅದನ್ನು ಹೇಳಬೇಕಾಗಿರಲಿಲ್ಲ.

"ಹೋಗು. ಇಲ್ಲಿ ಕೂತು ನನ್ನ ಮುಖ ನೋಡಿ ಎಂತ ಮಾಡ್ತಿ? ಕೇರಿಯವರು ಮಾತಾಡ್ತಾರೆ. ಅವರಿಗೆ ನಾನು ಹೇಳ್ತೇನೆ."

ಕೇರಿಯವರು ಏನೂ ಮಾತಾಡಲಿಲ್ಲ. ನಾನು ದಾಟುವವರೆಗೆ ಬಾಗಿಲುಗಳಲ್ಲಿ ನಿಂತು ನೋಡಿದರು, ಅಷ್ಟೆ.

ಪಡುದೀವಿ ಒಂದು ಸಣ್ಣ ದೇಶ. ಸೈಕಲ್ಲಿನಲ್ಲಿ ಹೊರಟರೆ ಬೆವರುವ ಮೊದಲೇ ಮುಗಿದುಹೋಗುತ್ತದೆ. ಬಡಗುಕೇರಿಯಲ್ಲಿ ಬಂದರು, ಪೇಟೆ, ಸಂಸತ್ತು. ತೆಂಕುಕೇರಿಯಲ್ಲಿ ದೋಣಿಯವರ ಮನೆಗಳು, ಒಂದು ಬೇಕರಿ. ಕರಾವಳಿಯಿಂದ ಹಾಯಿ ಕಟ್ಟಿ ಬಂದ ನಮ್ಮ ಹಿರಿಯರು ಇಲ್ಲಿ ನಿಂತದ್ದು ಮರಳಿನ ಕೆಳಗೆ ಕುಡಿಯುವ ನೀರು ಸಿಕ್ಕಿತೆಂದು. ಆ ನೀರು ಮಳೆಯದ್ದು. ಮರಳಿನೊಳಗೆ ಇಳಿದು, ಕೆಳಗಿರುವ ಸಮುದ್ರದ ನೀರಿನ ಮೇಲೆ ತೇಲಿಕೊಂಡಿರುತ್ತದೆ. ಸಿಹಿನೀರು ಹಗುರ, ಉಪ್ಪುನೀರು ಭಾರ. ಒಂದು ಕಡೆಯಿಂದ ಹೆಚ್ಚು ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಒಮ್ಮೆ ಬಂದರೆ ಬೇಗ ಇಳಿಯುವುದಿಲ್ಲ.

ನಮ್ಮ ಅಜ್ಜಂದಿರ ಕಾಲದಲ್ಲಿ ಹಾಗಾಯಿತು. ಎರಡು ವರ್ಷ ಹಡಗಿನಲ್ಲಿ ಬಂದ ನೀರು ಕುಡಿದು ಬದುಕಿದರು. ಆಮೇಲೆ ಸಂವಿಧಾನ ತಿದ್ದಿದರು. ಜನರಿಗೆ ಹನ್ನೆರಡು ಸ್ಥಾನ, ನೀರಿಗೆ ಒಂದು.

ನೀರಿನ ಸ್ಥಾನಕ್ಕೆ ಯಾರೂ ನಿಲ್ಲುವುದಿಲ್ಲ. ಪ್ರತಿ ಕೇರಿಯ ಕೆಲವು ಬಾವಿಗಳಲ್ಲಿ ಒಂದು ಉಪಕರಣ ಇಳಿಬಿಟ್ಟಿರುತ್ತದೆ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಉದ್ದನೆಯ ಕೇಬಲ್ಲು. ಅದು ನೀರಿನ ಉಪ್ಪನ್ನು ಅಳೆದು ಹೇಳುತ್ತದೆ. ಜನ ಅದನ್ನು ನಾಲಗೆ ಎನ್ನುತ್ತಾರೆ. ಪಕ್ಷಗಳು ಚುನಾವಣೆಗೆ ಮೊದಲೇ ತಮ್ಮ ನೀರಿನ ಯೋಜನೆಯನ್ನು ಅಂಕಿಗಳಲ್ಲಿ ಸಲ್ಲಿಸಬೇಕು. ಎಣಿಕೆಯ ದಿನ ಕಡಲು ಇಳಿತದಲ್ಲಿರುವ ಹೊತ್ತಿಗೆ ಎಲ್ಲ ನಾಲಗೆಗಳೂ ಹೇಳಿದ ಉಪ್ಪನ್ನು ತೆಗೆದುಕೊಂಡು, ಯಂತ್ರ ಆ ಯೋಜನೆಗಳನ್ನು ಐವತ್ತು ವರ್ಷ ಮುಂದಕ್ಕೆ ಓಡಿಸಿ ನೋಡುತ್ತದೆ. ಯಾವುದರಲ್ಲಿ ಸಿಹಿನೀರು ಹೆಚ್ಚು ಕಾಲ ಬಾಳುತ್ತದೋ ಆ ಪಕ್ಷಕ್ಕೆ ನೀರಿನ ಸ್ಥಾನ.

ಇದನ್ನು ಓದುವವರಿಗೆ ವಿಚಿತ್ರವಾಗಿ ಕಾಣಬಹುದು. ನಮಗೆ ಅಭ್ಯಾಸ. ನಾಲಗೆ ಇರುವ ಬಾವಿ ಮನೆತನಕ್ಕೆ ಗೌರವ. ಮದುವೆಯ ಮಾತುಕತೆಯಲ್ಲಿ ಅದೂ ಬರುತ್ತದೆ. ಮತದಾನದ ದಿನ ಬಾವಿಕಟ್ಟೆ ತೊಳೆದು ಹೂ ಇಡುತ್ತಾರೆ. ಮಂಗಳೂರಿನಲ್ಲಿ ಭೂಜಲ ವಿಜ್ಞಾನ ಓದಿ ವಾಪಸು ಬಂದ ವರ್ಷ ನಾನು ಆ ಹೂವಿನ ಬಗ್ಗೆ ತಮಾಷೆ ಮಾಡಿದ್ದೆ. ಸುಕೇಶ ನಗಲಿಲ್ಲ. "ನಿನ್ನ ಯಂತ್ರಕ್ಕಿಂತ ಅವರ ಹೂವು ಹಳತು" ಎಂದ. ಅವನು ನಾಲಗೆಗಳನ್ನು ನೋಡಿಕೊಳ್ಳುವವನು. ನಾನು ಯಂತ್ರ ನೋಡಿಕೊಳ್ಳುವವಳು. ಹಾಗೆ ಪರಿಚಯ, ಆಮೇಲೆ ಮದುವೆ.

ಮಂಗಳವಾರ ಅವನು ಹವಳದಿಬ್ಬದ ಕಂಡಿಗೆ ಹೋಗಿದ್ದು ಅಲ್ಲಿಯ ಉಬ್ಬರದ ಮಾಪಕವನ್ನು ಎಣಿಕೆಗೆ ಮೊದಲು ಒಮ್ಮೆ ನೋಡಿ ಬರಲಿಕ್ಕೆ. ದೋಣಿ ಮಗುಚಿತು. ಸಂಜೆ ದೇಹ ತಂದರು.

*

ಜನರ ಮತಗಳನ್ನು ಶಾಲೆಯ ಹಾಲಿನಲ್ಲಿ ಕೈಯಲ್ಲೇ ಎಣಿಸುತ್ತಾರೆ. ನೀರಿನ ಕೋಣೆ ಶಾಲೆಯ ಹಿಂದೆ. ನಾನು ಕೋಣೆಯ ಕಿಟಕಿ ತೆರೆದು, ಯಂತ್ರ ಹಚ್ಚಿ, ಲೌಡ್‌ಸ್ಪೀಕರ್ ಕೇಳುತ್ತ ಕೂತೆ. ಮಧ್ಯಾಹ್ನದ ಹೊತ್ತಿಗೆ ಹನ್ನೆರಡು ಸ್ಥಾನಗಳೂ ಮುಗಿದವು. ಐರಿನ್ ಬಾಯಿಯ ಪಕ್ಷಕ್ಕೆ ಆರು. ವಾಮನ ಮೇಸ್ತರ ಪಕ್ಷಕ್ಕೆ ಆರು.

ಶಾಲೆಯ ಅಂಗಳದಲ್ಲಿದ್ದ ಜನ ಒಮ್ಮೆಲೇ ಇತ್ತ ತಿರುಗಿದ್ದು ಕಿಟಕಿಯಿಂದ ಕಂಡಿತು.

ಮೊದಲು ಒಳಗೆ ಬಂದವರು ಚುನಾವಣಾಧಿಕಾರಿ ಶಂಶುದ್ದೀನ್ ಸಾಹೇಬರು. ಬಾಗಿಲಲ್ಲೇ ನಿಂತರು.

"ನೀವು ಬರ್ಬೇಕಿತ್ತಾ ಅಮ್ಮ ಇವತ್ತು?"

"ಬೇರೆ ಯಾರಿದ್ದಾರೆ ಸಾಹೇಬ್ರೆ?"

ಅವರು ತಲೆಯಾಡಿಸಿ ಕುರ್ಚಿ ಎಳೆದುಕೊಂಡರು. ಆಮೇಲೆ ಐರಿನ್ ಬಾಯಿ ಬಂದರು. ಹಿಂದೆ ಆಸ್ಪತ್ರೆಯಲ್ಲಿ ದಾದಿಯಾಗಿದ್ದವರು, ಈ ಊರಿನ ಅರ್ಧ ಮಂದಿಯನ್ನು ಹೆರಿಗೆಕೋಣೆಯಲ್ಲಿ ಮೊದಲು ಎತ್ತಿದವರು. ನನ್ನ ತಲೆ ಸವರಿದರು. ಮೇಸ್ತರು ಮುಂಡಿನ ತುದಿ ಹಿಡಿದುಕೊಂಡು ಕೊನೆಗೆ ಬಂದರು. ಮೂರು ದೋಣಿಗಳ ಯಜಮಾನರು, ತೆಂಕುಕೇರಿಯವರು, ಸುಕೇಶನಿಗೆ ದೂರದ ಮಾವ.

ಎರಡು ಯೋಜನೆಗಳನ್ನೂ ನಾನು ಬಲ್ಲೆ. ಮೇಸ್ತರದ್ದು: ಬಡಗುಕೇರಿಯ ಬಾವಿಗಳು ಬಳಲಿವೆ, ಅವಕ್ಕೆ ವಿಶ್ರಾಂತಿ ಕೊಡಬೇಕು. ತೆಂಕುಕೇರಿಯ ನೀರು ಸಿಹಿಯಿದೆ, ಅಲ್ಲಿಂದ ಪೇಟೆಗೆ ಪಂಪ್ ಮಾಡಬೇಕು. ಐರಿನ್ ಬಾಯಿಯದ್ದು ತಿರುಗುಮುರುಗು: ತೆಂಕುಕೇರಿ ಹೆಚ್ಚು ದಿನ ಬಾಳುವುದಿಲ್ಲ, ಅಲ್ಲಿಯ ಜನರನ್ನು ಎರಡು ವರ್ಷದಲ್ಲಿ ಬಡಗಿಗೆ ತಂದು ಬಾವಿಗಳನ್ನು ಮುಚ್ಚಬೇಕು. ಯಾರೂ ಸೇದದ ಮರಳಿನಲ್ಲಿ ಮಳೆ ನಿಲ್ಲುತ್ತದೆ. ಯಾವುದು ಸರಿ ಎನ್ನುವುದು ತೆಂಕುಕೇರಿಯ ಉಪ್ಪಿನ ಮೇಲೆ ನಿಂತಿತ್ತು. ಲೀಟರಿಗೆ ಒಂದು ಗ್ರಾಂ ಗೆರೆ. ಕೆಳಗಿದ್ದರೆ ಮೇಸ್ತರು. ಮೇಲಿದ್ದರೆ ಐರಿನ್ ಬಾಯಿ.

"ನಡೆಸಿ ಅಮ್ಮ," ಎಂದರು ಸಾಹೇಬರು.

ಬೆಳಗಿನ ಇಳಿತದ ಅಂಕಿಗಳ ಮೇಲೆ ನಡೆಸಿದೆ. ಐವತ್ತು ವರ್ಷ ಓಡಲು ಯಂತ್ರಕ್ಕೆ ಒಂದು ಸಿಗರೇಟು ಮುಗಿಯುವಷ್ಟು ಹೊತ್ತು ಬೇಕು. ಪರದೆಯಲ್ಲಿ ಐರಿನ್ ಬಾಯಿಯ ಪಕ್ಷದ ಹೆಸರು ಬಂತು. ಹೊರಗೆ ಕಿಟಕಿಗೆ ಮುಖ ಒತ್ತಿ ನಿಂತಿದ್ದವರು ಕೂಗಿದರು. ಯಾರೋ ಪಟಾಕಿ ಹಚ್ಚಿದರು.

ಮೇಸ್ತರು ಪರದೆಯ ಹತ್ತಿರ ಬಗ್ಗಿದರು. "ಅದು ಹೇಗಾಗ್ತದೆ ಪ್ರಫುಲ್ಲಾ? ಆರು ತಿಂಗಳಿಂದ ತೆಂಕುಕೇರಿ ಎಳನೀರಿನ ಹಾಗೆ ತೋರಿಸ್ತಿತ್ತು. ನೀನೇ ತಿಂಗಳು ತಿಂಗಳು ಬೋರ್ಡಿನಲ್ಲಿ ಹಾಕಿದ್ದು. ಅದನ್ನು ನೋಡಿಯೇ ಅಲ್ವಾ ನಾವು ಯೋಜನೆ ಮಾಡಿದ್ದು?"

"ಸೋತ ಮೇಲೆ ಎಲ್ಲರೂ ಲೆಕ್ಕದ ಮೇಷ್ಟ್ರೇ," ಎಂದರು ಐರಿನ್ ಬಾಯಿ.

ನಾನು ಬಾವಿಗಳ ಪಟ್ಟಿ ತೆರೆದೆ. ತೆಂಕುಕೇರಿಯ ಸಾಲು ಕೆಂಪಾಗಿತ್ತು. ಲೀಟರಿಗೆ ನಾಲ್ಕು ಗ್ರಾಂ. ಸೋಮವಾರದವರೆಗೆ ಅರ್ಧ ಗ್ರಾಂಗಿಂತ ಕಡಿಮೆ ಇತ್ತು. ಅಷ್ಟು ಉಪ್ಪು ಎರಡು ಮೂರು ದಿನದಲ್ಲಿ ಕೆಳಗಿನಿಂದ ಏರುವುದಿಲ್ಲ. ಬಾವಿ ಯಾರದೆಂದು ನೋಡಿದೆ. ನಮ್ಮದು.

ಬೆಳಿಗ್ಗೆ ಬಾಯಿ ಮುಕ್ಕಳಿಸಿದ್ದು ನೆನಪಾಯಿತು.

"ಇದು ಕಡಲ ಕೊಡ," ಎಂದೆ.

ಮೂವರೂ ಪರದೆಯಿಂದ ನನ್ನ ಕಡೆ ತಿರುಗಿದರು.

ಕಡಲಿನಲ್ಲಿ ಸತ್ತವರ ದೇಹ ಮಾತ್ರ ಮನೆಗೆ ಬರುತ್ತದೆ, ಜೀವ ಅಲ್ಲೇ ಉಳಿದುಬಿಡುತ್ತದೆ ಎಂದು ಇಲ್ಲಿನವರು ನಂಬುತ್ತಾರೆ. ಅದನ್ನು ಮನೆಗೆ ಕರೆತರಲು, ಸತ್ತ ಜಾಗದಿಂದ ಕೊಡದಲ್ಲಿ ಸಮುದ್ರದ ನೀರು ತಂದು ಮನೆಯ ಬಾವಿಗೆ ಸುರಿಯುತ್ತಾರೆ. ಮನೆಯವರದ್ದು ಒಂದು ಕೊಡ. ಸತ್ತವನ ಜೊತೆ ದೋಣಿ ಹತ್ತಿದವರು ಇಷ್ಟವಿದ್ದರೆ ತಲಾ ಒಂದು. ಮೊಗವೀರರು, ಕ್ರಿಶ್ಚಿಯನ್ನರು, ಮುಸ್ಲಿಮರು ಎಲ್ಲರಲ್ಲೂ ಇದೆ. ಸುಕೇಶ ಹತ್ತದ ದೋಣಿ ತೆಂಕುಕೇರಿಯಲ್ಲಿ ಇರಲಿಲ್ಲ. ಬುಧವಾರ ಸಂಜೆ ಅಂಗಳದಿಂದ ರಸ್ತೆಯವರೆಗೆ ಕೊಡ ಹೊತ್ತವರು ನಿಂತಿದ್ದರು. ಮೊದಲ ಕೊಡ ನಾನು ಸುರಿದೆ.

ಉಪ್ಪುನೀರು ಭಾರ. ನೇರ ಬಾವಿಯ ತಳಕ್ಕೆ ಇಳಿಯುತ್ತದೆ. ನಾಲಗೆ ಇರುವುದು ತಳದಲ್ಲಿ.

ಮೇಸ್ತರು ನಿಧಾನಕ್ಕೆ ಬೆಂಚಿನ ಮೇಲೆ ಕೂತರು. "ನಾನೂ ಒಂದು ಕೊಡ ಹಾಕಿದ್ದೇನೆ," ಎಂದರು. "ನನ್ನ ಎರಡೂ ಮಕ್ಕಳು ಒಂದೊಂದು." ಮುಂಡಿನ ತುದಿಯಿಂದ ಮುಖ ಒರೆಸಿಕೊಂಡು, "ನನ್ನ ಸರ್ಕಾರವನ್ನು ನಾನೇ ಕೊಡದಲ್ಲಿ ಹೊತ್ತು ಬಾವಿಗೆ ಸುರಿದ ಹಾಗಾಯ್ತು ಮಾರಾಯ್ರೆ."

ಯಾರೂ ನಗಲಿಲ್ಲ. ಅವರೂ ನಗಿಸಲು ಹೇಳಿದ್ದಲ್ಲ.

"ಇದಕ್ಕೆ ನಿಯಮ ಉಂಟು," ಎಂದರು ಶಂಶುದ್ದೀನ್ ಸಾಹೇಬರು, ಕಷ್ಟಪಟ್ಟು. "ಹೊರಗಿನ ನೀರು ಬಿದ್ದ ಬಾವಿಯನ್ನು ಪೂರ್ತಿ ಪಂಪ್ ಮಾಡಿ ಖಾಲಿ ಮಾಡ್ಬೇಕು. ಮೂರು ಸಲ. ಆಮೇಲೆ ಮುಂದಿನ ಇಳಿತಕ್ಕೆ ಅಳೀಬೇಕು. ಅಂದ್ರೆ ಇವತ್ತು ಸಂಜೆ."

"ಪಂಪು ನಾನು ಕಳಿಸ್ತೇನೆ," ಎಂದ ಮೇಸ್ತರು, ಮಾತು ಮುಗಿಸಿದ ಮೇಲೆ ಅದರ ಅರ್ಥ ತಿಳಿದವರಂತೆ ನನ್ನ ಕಡೆ ನೋಡಿ ತಲೆ ತಗ್ಗಿಸಿದರು.

ಐರಿನ್ ಬಾಯಿ ನನ್ನನ್ನು ಜಗಲಿಗೆ ಕರೆದರು.

"ಮಗಾ, ನಿನಗೆ ನನಗಿಂತ ಚೆನ್ನಾಗಿ ಗೊತ್ತುಂಟು. ತೆಂಕುಕೇರಿ ಉಳಿಯುದಿಲ್ಲ. ಈ ಸಲ ಅಲ್ಲದಿದ್ರೆ ಮುಂದಿನ ಸಲ. ಹೌದಾ ಅಲ್ವಾ?"

"ಹೌದು."

"ನೀನು ಓಟು ಹಾಕಿದ್ದೂ ನನಗೇ ಅಂತ ನನ್ನ ಲೆಕ್ಕ."

"ಹೌದು."

"ಮತ್ತೆಂತ? ಮೇಸ್ತ ಅಲ್ಲಿ ಪಂಪು ಇಟ್ರೆ ಎರಡು ಬೇಸಗೆಯಲ್ಲಿ ಉಪ್ಪು ಮೇಲೆ ಬರ್ತದೆ. ನಿನ್ನ ಪುಸ್ತಕದಲ್ಲಿ ಇದ್ದದ್ದನ್ನೇ ನಾನು ಹೇಳುದು. ಸುಳ್ಳು ಹೇಳು ಅಂತ ಹೇಳುದಲ್ಲ ನಾನು. ಬಾವಿಯಲ್ಲಿ ಉಪ್ಪುಂಟು, ಯಂತ್ರ ಉಪ್ಪು ಅಂತ ಹೇಳಿತು. ಅಲ್ಲಿಗೆ ಬಿಡು. ಒಂದು ಮನೆಯ ಕಡಲ ಕೊಡವನ್ನು ಹೊರಗೆ ಚೆಲ್ಲಿದ್ದು ಈ ಊರಿನಲ್ಲಿ ಇಲ್ಲಿವರೆಗೆ ಇಲ್ಲ. ನಿನ್ನ ಅತ್ತೆ ತಡೀತಾರಾ ಅದನ್ನು?"

"ಅದು ಅವನ ಉಪ್ಪು ಐರಿನ್ ಬಾಯಿ, ನೀರಿನದ್ದಲ್ಲ," ಎಂದೆ. "ಯಂತ್ರ ಕೇಳಿದ್ದು ನೀರನ್ನು."

ಅವರು ನನ್ನ ಗಲ್ಲ ಹಿಡಿದು ಮುಖ ಎತ್ತಿದರು. "ಅತ್ತಿದ್ದೀಯಾ ನೀನು?" ಎಂದು ಕೇಳಿದರು. ನಾನು ಮನೆಗೆ ಹೊರಟೆ. ಮನೆಯವರನ್ನು ಕೇಳದೆ ಪಂಪು ಇಳಿಸುವುದಿಲ್ಲ ಎಂದು ಸಾಹೇಬರು ಒಪ್ಪಿದ್ದರು.

*

ಅತ್ತೆಗೆ ಸುದ್ದಿ ಮುಂಚೆಯೇ ತಲುಪಿತ್ತು. ಬಾವಿಯ ಮೇಲಿನ ಹಲಗೆಯ ಮೇಲೆ ಚಾಪೆ ಹಾಸಿ, ಕಾಲು ಮಡಚಿ, ಮೊರದಲ್ಲಿ ಅಕ್ಕಿ ಇಟ್ಟುಕೊಂಡು ಕಲ್ಲು ಆರಿಸುತ್ತಿದ್ದರು. ಸೂತಕದಲ್ಲಿ ನಾವು ಬೇಯಿಸದ ಅಕ್ಕಿ.

"ಇಲ್ಲಿ ಗಾಳಿ ಉಂಟು," ಎಂದರು, ನಾನು ಕೇಳುವ ಮೊದಲೇ.

ನಾನು ಬಾವಿಕಟ್ಟೆಯ ತುದಿಯಲ್ಲಿ ಕೂತು ಎಲ್ಲ ಹೇಳಿದೆ. ಅವರು ಆರಿಸುತ್ತಲೇ ಇದ್ದರು.

"ಮೇಸ್ತನಿಗೆ ನಾಚಿಕೆ ಇಲ್ವಾ? ನಿನ್ನೆ ಇಲ್ಲೇ ನಿಂತು ಅತ್ತ."

"ಅವರು ಕೇಳಿದ್ದಲ್ಲ ಅತ್ತೆ. ನಿಯಮ."

"ನಿಯಮಕ್ಕೆ ಮಕ್ಕಳಿಲ್ಲ." ಒಂದು ಕಲ್ಲನ್ನು ದೂರ ಎಸೆದರು. "ನೀನು ಯಾಕೆ ಹೇಳ್ಲಿಕ್ಕೆ ಹೋದ್ದು? ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ಹೇಳದಿದ್ರೆ ಐರಿನ್ ಬಾಯಿಯ ಸರ್ಕಾರ ಬಂದು ಈ ಮನೆಯನ್ನೇ ಬಿಡಿಸ್ತದೆ."

"ಬಿಡಿಸ್ಲಿ. ಮನೆ ಬೇರೆ ಕಟ್ಟಿಸ್ತಾರಲ್ಲ. ಇವನನ್ನು ಕಟ್ಟಿಸಿ ಕೊಡ್ತಾರಾ?"

ಬಾವಿಯ ಕಂಬದಲ್ಲಿ ಸುತ್ತಿದ್ದ ಕೇಬಲ್ಲನ್ನು ನೋಡುತ್ತ ಕೂತೆ.

ಕೇರಿಯಲ್ಲಿ ಯಾರಾದರೂ ಕಡಲಿನಲ್ಲಿ ಸತ್ತರೆ ಸುಕೇಶ ಎಲ್ಲರಿಗಿಂತ ಮೊದಲು ಆ ಮನೆಗೆ ಹೋಗುತ್ತಿದ್ದ. ಭಟ್ಟರೋ ಪಾದ್ರಿಗಳೋ ಬರುವ ಮೊದಲೇ. ಬಾವಿಕಟ್ಟೆಯ ಹತ್ತಿರ ಸ್ವಲ್ಪ ಹೊತ್ತು ಕೂತು, ಮನೆಯವರ ಜೊತೆ ಮಾತಾಡಿ ಬರುತ್ತಿದ್ದ. ಜನ ಅವನನ್ನು ದೈವಭಕ್ತ ಎಂದುಕೊಂಡಿದ್ದರು. ಬರುವಾಗ ಅವನ ಕೈಚೀಲದಲ್ಲಿ ಆ ಬಾವಿಯ ನಾಲಗೆ ಇರುತ್ತಿತ್ತು. ಮೊದಲ ದೊಡ್ಡ ಮಳೆ ಸುರಿದು ಬಾವಿ ತಿಳಿಯಾದ ಮೇಲೆ ಹೋಗಿ ಮತ್ತೆ ಇಳಿಸಿ ಬರುತ್ತಿದ್ದ. ಅಲ್ಲಿಯವರೆಗೆ ಕೇರಿಯ ಮತ್ತೊಂದು ಬಾವಿ ಎರಡರ ಪರವಾಗಿಯೂ ಹೇಳುತ್ತಿತ್ತು. ಹೀಗೆ ಮಾಡಬೇಕೆಂದು ಯಾವ ನಿಯಮದಲ್ಲೂ ಇರಲಿಲ್ಲ. ಯಾರನ್ನೂ ನೋಯಿಸದೆ ಕೆಲಸ ನಡೆಸಲಿಕ್ಕೆ ಅವನು ಕಂಡುಕೊಂಡ ದಾರಿ.

ಅವನ ಬಾವಿಗೆ ಅದನ್ನು ಮಾಡುವವರು ಇರಲಿಲ್ಲ. ನಾನಿದ್ದೆ, ಆದರೆ ನನ್ನ ಕೈಯಲ್ಲಿ ಕೊಡ ಇತ್ತು.

ಕೇರಿಯ ಮತ್ತೊಂದು ಬಾವಿ. ಅದು ಬೇಕರಿಯ ಪಾಸ್ಕು ಅಣ್ಣನದು. ತೆಂಕುಕೇರಿಯಲ್ಲಿ ನಾಲಗೆ ಇರಬೇಕಾದದ್ದು ಎರಡು ಬಾವಿಗಳಲ್ಲಿ. ಕೆಂಪು ಸಾಲನ್ನು ಮಾತ್ರ ನೋಡಿ ನಾನು ಎದ್ದು ಬಂದಿದ್ದೆ.

ಸಾಹೇಬರಿಗೆ ಫೋನ್ ಮಾಡಿದೆ. "ಪಟ್ಟಿಯಲ್ಲಿ ಪಾಸ್ಕು ಅಣ್ಣನ ಬಾವಿ ನೋಡಿ. ಏನು ತೋರಿಸ್ತದೆ?"

ಅವರು ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು. "ಬೂದು ಬಣ್ಣ ಉಂಟಮ್ಮ. ಕೆಳಗೆ ಸಣ್ಣದಾಗಿ, ಪಕ್ಕದ ಬಾವಿಯಿಂದ ತುಂಬಿಸಿದೆ ಅಂತ ಬರೆದಿದೆ. ಹಾಗಂದ್ರೆ?"

ಮಾತಾಡದ ಬಾವಿಯ ಜಾಗವನ್ನು ಯಂತ್ರ ಹತ್ತಿರದ ಬಾವಿಯ ಅಂಕಿಯಿಂದ ತುಂಬುತ್ತದೆ. ಅಂದರೆ ಇಡೀ ತೆಂಕುಕೇರಿಯ ಪರವಾಗಿ ಮಾತಾಡಿದ್ದು ನಮ್ಮ ಮನೆಯ ಬಾವಿ ಒಂದೇ. ಇವತ್ತು ಮಾತ್ರ ಅಲ್ಲ. ಎಷ್ಟು ತಿಂಗಳಿಂದಲೋ.

"ಸಾಹೇಬ್ರೆ, ಆ ಬಾವಿಯಿಂದ ಸಂಜೆಯ ಇಳಿತಕ್ಕೆ ಸರಿಯಾದ ಅಂಕಿ ಸಿಕ್ಕಿದ್ರೆ?"

ಅವರು ಪುಟ ತಿರುವುವ ಸದ್ದು ಕೇಳಿತು. "ಕೇರಿಯ ಒಂದು ಬಾವಿ ಅದರದ್ದೇ ನಾಲಗೆಯಿಂದ ಹೇಳಿದ್ರೆ ಸಾಕು. ಆಗ ನಿಮ್ಮ ಬಾವಿಯನ್ನು ಲೆಕ್ಕದಿಂದ ಬಿಟ್ಟುಬಿಡಬಹುದು. ಲೆಕ್ಕದಲ್ಲಿ ಇಲ್ಲದ ಬಾವಿಯನ್ನು ಖಾಲಿ ಮಾಡುವ ಅಗತ್ಯ ಇಲ್ಲ." ಅವರ ದನಿ ಹಗುರವಾಯಿತು. "ಹೋಗಿ ನೋಡಿ ಅಮ್ಮ. ಇಳಿತದವರೆಗೆ ಪಂಪಿನವರನ್ನು ನಾನು ತಡೆದಿಡ್ತೇನೆ."

*

ಬೇಕರಿಯ ಬಾಗಿಲು ಅರ್ಧ ಎಳೆದಿತ್ತು. ಪಾಸ್ಕು ಅಣ್ಣ ಹಿಟ್ಟಿನ ಕೈಯಲ್ಲೇ ಹೊರಬಂದು, ನನ್ನನ್ನು ಕಂಡು ಟೊಪ್ಪಿ ತೆಗೆದರು. ದಪ್ಪನೆಯ ಮನುಷ್ಯ, ಎಲ್ಲರ ಮೇಲೂ ದೂರು ಇರುವವರು.

"ಬನ್ನಿ ತಂಗೀ. ನೀವು ಯಾಕೆ ಬಂದದ್ದು, ಹೇಳಿ ಕಳಿಸಿದ್ರೆ ಬ್ರೆಡ್ಡು ಮನೆಗೇ…"

"ಬ್ರೆಡ್ಡಲ್ಲ ಪಾಸ್ಕು ಅಣ್ಣ. ನಿಮ್ಮ ಬಾವಿಯ ನಾಲಗೆ ಕೆಲಸ ಮಾಡ್ತಾ ಇಲ್ಲ. ನೋಡ್ಬೇಕಿತ್ತು."

ಅವರು ನನ್ನನ್ನೂ, ರಸ್ತೆಯನ್ನೂ, ಮತ್ತೆ ನನ್ನನ್ನೂ ನೋಡಿದರು.

"ಇದ್ರೆ ಅಲ್ವಾ ಕೆಲಸ ಮಾಡುದು?"

"ಅಂದ್ರೆ?"

"ನಿಮ್ಮ ಗಂಡನೇ ತಕ್ಕೊಂಡು ಹೋದದ್ದು. ಕ್ರಿಸ್ಮಸ್ ಮುಗಿದ ಮೇಲೆ ಬಾವಿ ಕೆಸರು ತೆಗೆಸಿದೆ, ಆಗ ಮೇಲೆ ತೆಗೆದಿದ್ದ. 'ಪಾಸ್ಕು ಅಣ್ಣ, ಅಮ್ಮನ ಬಾವಿದ್ದು ಸತ್ತುಹೋಗಿದೆ, ಹೊಸತು ಹಡಗಿನಲ್ಲಿ ಬರ್ತದೆ, ಅಲ್ಲಿವರೆಗೆ ಇದು ನಮ್ಮಲ್ಲಿರ್ಲಿ, ಹದಿನೈದು ದಿನ' ಅಂತ ಹೇಳಿದ. ಪಾಪದವ, ಇಲ್ಲ ಅಂತ ಹೇಳುದು ಹೇಗೆ? ಕೊಟ್ಟೆ." ಕೈಯ ಹಿಟ್ಟು ಕೊಡವಿದರು. "ಆಮೇಲೆ ಎಲ್ಲಿಯ ಹದಿನೈದು ದಿನ! ಪೇಟೆಯಲ್ಲಿ ಎಲ್ಲ ತಮಾಷೆ ಮಾಡ್ಲಿಕ್ಕೆ ಶುರು. ಪಾಸ್ಕುವಿನ ಬಾವಿಗೆ ಮಾತು ನಿಂತಿತು, ಪಾಸ್ಕುವಿಗೆ ಮಾತ್ರ ನಿಲ್ಲುದಿಲ್ಲ ಅಂತ. ಈ ಓಟಿನ ದಿನ ನಾನು ಬಾವಿಗೆ ಹೂ ಇಡ್ಲಿಲ್ಲ, ಗೊತ್ತುಂಟಾ? ಇಟ್ರೆ ನಗ್ತಾರೆ."

"ನಿನ್ನೆ ಮನೆಗೆ ಬಂದಿದ್ರಿ. ಹೇಳ್ಲಿಲ್ಲ."

"ಸೂತಕದ ಮನೆಗೆ ಬಂದು ಕೊಟ್ಟದ್ದನ್ನು ವಾಪಸು ಕೇಳುವಷ್ಟು ಕೆಟ್ಟವ ಅಲ್ಲ ನಾನು. ನಾನೂ ಒಂದು ಕೊಡ ತಂದಿದ್ದೆ."

ನಾನು ಮನೆಗೆ ವಾಪಸು ನಡೆದೆ. ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ನಮ್ಮ ಮನೆ ತೆಂಕುಕೇರಿಯ ತುದಿಯಲ್ಲಿ, ಬಡಗಿಗೆ ತಾಗಿ, ದ್ವೀಪದ ನಡುವಿಗೆ ಹತ್ತಿರ. ಅಲ್ಲಿ ಸಿಹಿನೀರಿನ ಪದರ ದಪ್ಪ. ಬೇಕರಿ ಕಡಲಿನ ಕಡೆಗೆ. ಕೇರಿಯ ಮುಕ್ಕಾಲು ಮನೆಗಳು ಬೇಕರಿಯ ಸುತ್ತ. ಆರು ತಿಂಗಳು ಬೋರ್ಡಿನಲ್ಲಿ ನಾನು ತೆಂಕುಕೇರಿ ಎಂದು ಹಾಕಿದ ಎಳನೀರಿನಂಥ ಅಂಕಿ ನಮ್ಮ ಒಂದು ಮನೆಯದು. ಮೇಸ್ತರು ಅದನ್ನು ನಂಬಿ ಯೋಜನೆ ಮಾಡಿದರು. ಸುಕೇಶನಿಗೆ ಇದು ಹೊಳೆಯದೆ ಇರಲಿಲ್ಲ. ಹಡಗು ಬರುತ್ತದೆ, ಹೊಸದು ಬರುತ್ತದೆ, ಚುನಾವಣೆಗೆ ಮೊದಲು ಸರಿ ಮಾಡಿಬಿಡುತ್ತೇನೆ ಎಂದುಕೊಂಡಿರಬೇಕು. ಅವನು ಎಲ್ಲ ಕೆಲಸಗಳನ್ನೂ ಹಾಗೆಯೇ ಮಾಡುತ್ತಿದ್ದ. ಸಾಮಾನ್ಯವಾಗಿ ಹಡಗು ಬರುತ್ತಿತ್ತು.

ಅತ್ತೆ ಹಲಗೆಯ ಮೇಲೇ ಇದ್ದರು. ಅಕ್ಕಿ ಮುಗಿದು, ಆರಿಸಿದ್ದನ್ನೇ ಮತ್ತೆ ಆರಿಸುತ್ತಿದ್ದರು.

"ಪಂಪು ತಂದ್ಯಾ?"

"ಇಲ್ಲ ಅತ್ತೆ. ನೀರು ತೆಗೀಲಿಕ್ಕಿಲ್ಲ. ನಾಲಗೆ ಮಾತ್ರ. ಅದು ನಮ್ಮದಲ್ಲವಂತೆ. ಪಾಸ್ಕು ಅಣ್ಣನದ್ದು."

ಮೊರ ಅಲುಗುವುದು ನಿಂತಿತು.

"ಅವ ವಾಪಸು ಕೊಡ್ಲಿಲ್ವಾ ಅದನ್ನು?" ಎಂದರು. ಮೊರ ಬದಿಗಿಟ್ಟು, "ನಾನೇ ಹೇಳಿದ್ದು. ಊರಿನ ಬಾವಿಗೆಲ್ಲ ಮಾತು ಬರಿಸ್ತಿ, ನಿನ್ನಮ್ಮನ ಬಾವಿ ಮೂಗಿ, ಎದುರುಮನೆಯವಳು ಕೇಳ್ತಾಳೆ ಅಂತ. ದಿನಾ ಹೇಳ್ತಿದ್ದೆ. ಒಂದು ದಿನ ತಂದು ಹಾಕಿದ. ಎಲ್ಲಿಂದ ಅಂತ ನಾನು ಕೇಳ್ಲಿಲ್ಲ."

"ಇದನ್ನು ತೆಗೆದ್ರೆ ನಮ್ಮ ಬಾವಿ ಲೆಕ್ಕದಲ್ಲಿ ಇರುದಿಲ್ಲ. ಯಾರೂ ಮುಟ್ಟುದಿಲ್ಲ."

"ಮತ್ತೆ ಮನೆ?"

"ಅದು ಪಾಸ್ಕು ಅಣ್ಣನ ಬಾವಿ ಹೇಳ್ಬೇಕು. ನನಗೆ ಗೊತ್ತಿಲ್ಲ."

ಗೊತ್ತಿಲ್ಲ ಎಂದದ್ದು ಪೂರ್ತಿ ನಿಜವಲ್ಲ. ಅವರಿಗೂ ಅದು ತಿಳಿಯಿತು ಎಂದು ಕಾಣುತ್ತದೆ. ಬಾವಿಯ ಕಂಬ ಹಿಡಿದು ಎದ್ದರು. ಚಾಪೆ ಮಡಚಿದರು. ಹಲಗೆಯ ಒಂದು ತುದಿಯನ್ನು ಅವರೇ ಎತ್ತಿದರು.

"ನೀರು ಕಲಕ್ಬೇಡ," ಎಂದರು. "ಮೆಲ್ಲ ಎಳಿ."

ಮೆಲ್ಲಗೆ ಎಳೆದೆ. ಕೇಬಲ್ಲು ಒದ್ದೆಯಾಗಿ, ತಣ್ಣಗೆ, ಕೈಯ ಮೇಲೆ ಸುತ್ತಿಕೊಳ್ಳುತ್ತ ಬಂತು. ತುದಿಯ ನಾಲಗೆ ನೀರಿನಿಂದ ಮೇಲೆ ಬಂದಾಗ ಸದ್ದಾಗಲಿಲ್ಲ. ಅತ್ತೆ ಅದನ್ನು ತಮ್ಮ ಸೆರಗಿನಿಂದ ಒರೆಸಲು ಹೋಗಿ ಕೈ ಹಿಂದಕ್ಕೆ ತೆಗೆದುಕೊಂಡರು. ಅದರ ಮೇಲಿದ್ದ ಹನಿಗಳನ್ನು ಬಾವಿಯೊಳಕ್ಕೇ ಕೊಡವಿದೆ.

"ಕೊಟ್ಟು ಬಾ," ಎಂದರು. "ಅವನ ಮೇಲೆ ಯಾರ ಋಣವೂ ಇರ್ಬಾರ್ದು."

*

ಇಳಿತಕ್ಕೆ ಮೊದಲು ಬೇಕರಿ ತಲುಪಿದೆ. ಶಂಶುದ್ದೀನ್ ಸಾಹೇಬರು ನೀರಿನ ಕೋಣೆಯಲ್ಲಿ, ಎರಡೂ ಪಕ್ಷದವರ ಮುಂದೆ, ಫೋನು ಹಿಡಿದು ಕೂತಿದ್ದರು. ನಾಲಗೆಯನ್ನು ಸಿಹಿನೀರಿನಲ್ಲಿ ಮೂರು ಸಲ ತೊಳೆದೆ. ಪಾಸ್ಕು ಅಣ್ಣ ಬಾವಿಕಟ್ಟೆಯ ಮೇಲಿನ ಖಾಲಿ ಹಿಟ್ಟಿನ ಚೀಲಗಳನ್ನು ಅವಸರದಲ್ಲಿ ಆಚೆ ಸರಿಸಿದರು. ಎಲ್ಲಿಂದಲೋ ಎರಡು ಕೆಂಪು ದಾಸವಾಳ ಕಿತ್ತು ತಂದು ಕಟ್ಟೆಯ ಮೇಲಿಟ್ಟರು.

"ಈಗ ಇಡಬಹುದಲ್ಲ?"

"ಇಡಿ."

ನಾಲಗೆಯನ್ನು ಇಳಿಸಿದೆ. ತಳ ಮುಟ್ಟಿದ್ದು ಕೈಗೆ ತಿಳಿಯಿತು. ಒಂದು ಮೊಳ ಮೇಲೆತ್ತಿ, ಕೇಬಲ್ಲನ್ನು ಕೈಯಲ್ಲೇ ಹಿಡಿದು ನಿಂತೆ. ನೀರು ಮೆಲ್ಲಗೆ ತಗ್ಗುತ್ತಿತ್ತು. ಒಳಗಿನ ಕಲ್ಲುಗಳ ಒದ್ದೆ ಗುರುತು ಒಂದೊಂದಾಗಿ ಮೇಲೆ ಉಳಿಯುತ್ತಿತ್ತು.

"ಅಲ್ಲ ತಂಗೀ, ನನ್ನ ಬಾವಿ ಒಂದು ಹೇಳಿದ್ರೆ ಸರ್ಕಾರವೇ ಬದಲಾಗ್ತದಾ?"

"ಆಗಬಹುದು."

"ಅಯ್ಯೋ ದೇವಾ. ಇಷ್ಟು ದಿನ ಯಾರೂ ಬೇಕರಿಗೆ ಬಂದು ಪಾಸ್ಕು ಹೇಗಿದ್ದೀ ಅಂತ ಕೇಳ್ಲಿಲ್ಲ ನೋಡಿ."

ಫೋನಿನಲ್ಲಿ ಸಾಹೇಬರು, "ಬಂತು," ಎಂದರು. "ಅಂಕಿ ನಿಂತಿತು. ಒಂದೂಕಾಲು."

ಗೆರೆಗಿಂತ ಮೇಲೆ. ನಾಲ್ಕಲ್ಲ, ಆದರೆ ಮೇಲೆ. ಯಂತ್ರ ನಡೆಸಲು ಯಾವ ಗುಂಡಿ ಒತ್ತಬೇಕೆಂದು ಅವರಿಗೆ ಹೇಳಿದೆ. ಕಾದೆವು. ಒಂದು ಸಿಗರೇಟಿನಷ್ಟು ಹೊತ್ತು. ಆಮೇಲೆ ಬೇಕರಿಯ ಒಳಗಿದ್ದ ರೇಡಿಯೋದಲ್ಲಿ ಅವರದೇ ದನಿ ಬಂತು. ನೀರಿನ ಸ್ಥಾನ ಐರಿನ್ ಬಾಯಿಯ ಪಕ್ಷಕ್ಕೆ. ತೆಂಕುಕೇರಿಯ ಬಾವಿಗಳನ್ನು ಮುಚ್ಚಲಾಗುವುದು, ಎರಡು ವರ್ಷದೊಳಗೆ ಜನರಿಗೆ ಬಡಗಿನಲ್ಲಿ ಮನೆ. ಮೇಸ್ತರು ಅಂಕಿಯನ್ನು ಒಪ್ಪಿ ಸಹಿ ಹಾಕಿದ್ದಾರೆ.

ಪಾಸ್ಕು ಅಣ್ಣ ರೇಡಿಯೋ ನಿಲ್ಲಿಸಿ ಬಂದರು. ಬಾವಿಯೊಳಗೆ ಬಗ್ಗಿ ನೋಡಿದರು.

"ಹೂ ಇಟ್ಟೆ ಮಾರಾಯ್ತಿ ನಿನಗೆ," ಎಂದರು ಬಾವಿಗೆ. ಆಮೇಲೆ ನನಗೆ, "ಹಾಗಾದ್ರೆ ನಾನೂ ಹೊರಡುದಾ?"

"ಎಲ್ಲರೂ. ನಾವೂ."

"ಒಲೆ ಇಟ್ಟಿಗೆಯದ್ದು. ಅಪ್ಪ ಕಟ್ಟಿದ್ದು. ತಕ್ಕೊಂಡು ಹೋಗ್ಲಿಕ್ಕೆ ಆಗುದಿಲ್ಲ."

"ಇಲ್ಲ."

"ನಿಮ್ಮ ಬಾವಿಯ ಅಂಕಿಯನ್ನೇ ಇಟ್ಟಿದ್ರೂ ಇದೇ ಆಗ್ತಿತ್ತಲ್ಲ. ಸುಮ್ನೆ ಇಷ್ಟು ನಡೆದ್ರಿ."

"ಹೌದು," ಎಂದೆ. "ಇದೇ ಆಗ್ತಿತ್ತು."

ಅಂಗಳದಲ್ಲಿ ಬಿಸಿಲು ಇಳಿಯುತ್ತಿತ್ತು. ಪಂಪು ಹೊತ್ತ ಗಾಡಿಯೊಂದು ನಮ್ಮ ಮನೆಯ ದಿಕ್ಕಿಗೆ ಹೋಗದೆ, ಬೇಕರಿಯ ಮುಂದಿನಿಂದ ಬಂದರಿನ ಕಡೆಗೆ ತಿರುಗಿ ಹೋಯಿತು. ತೆಂಕುಕೇರಿಯ ಬಾವಿಗಳಿಂದ ಇನ್ನು ಹೆಚ್ಚೆಂದರೆ ಎರಡು ವರ್ಷ ಸೇದುತ್ತಾರೆ. ಆಮೇಲೆ ಯಾವ ಬಾವಿಯಿಂದಲೂ ಯಾರೂ ಸೇದುವುದಿಲ್ಲ. ಮಳೆ ಮಾತ್ರ ಇಳಿಯುತ್ತದೆ.

"ಈ ನಾಲಗೆ?" ಎಂದು ಕೇಳಿದರು. "ನಾವು ಹೋದ ಮೇಲೆ ಇದನ್ನು ತೆಗೀತಾರಾ?"

"ಇಲ್ಲ. ಇಲ್ಲಿಯೇ ಇರ್ಬೇಕು. ನೀರು ಹೇಗುಂಟು ಅಂತ ಹೇಳುವವರು ಬೇಕಲ್ಲ."

"ಯಾರು ಬಂದು ನೋಡ್ತಾರೆ?"

"ನಾನು ಬರ್ತೇನೆ."

ಅವರು ಕಟ್ಟೆಯ ಪಕ್ಕದ ಕಬ್ಬಿಣದ ಕೊಂಡಿಯನ್ನು ತೋರಿಸಿದರು. ತುಕ್ಕು ಹಿಡಿದಿತ್ತು. ಕೇಬಲ್ಲು ಇದ್ದ ಜಾಗ ಮಾತ್ರ ಸವೆದು ನುಣ್ಣಗಿತ್ತು. ಕೇಬಲ್ಲನ್ನು ಅದರ ಸುತ್ತ ಎರಡು ಸುತ್ತು ಸುತ್ತಿದೆ. ಗಂಟು ಹಾಕಲು ಕೈ ಬರಲಿಲ್ಲ. ಆ ಗಂಟು ಸುಕೇಶನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಪಾಸ್ಕು ಅಣ್ಣ ಕೈಚಾಚಿದರು. ಕೇಬಲ್ಲಿನ ತುದಿಯನ್ನು ಅವರ ಕೈಗೆ ಕೊಟ್ಟೆ.

"ಹದಿನೈದು ದಿನ ಅಂತ ಹೇಳಿದ್ದ," ಎಂದರು ಅವರು, ಗಂಟು ಹಾಕುತ್ತ.

"ತಡ ಆಯ್ತು ಪಾಸ್ಕು ಅಣ್ಣ," ಎಂದೆ.